ಬರಿಗಾಲಿನ ಅಳತೆ

"ಬೂಟು ಬಿಚ್ಚಿ ಮಾಸ್ಟ್ರೇ," ಎಂದ ಗ್ರೆಗರಿ, ನೆಲಕ್ಕೆ ಮೊಣಕಾಲೂರಿ ಕುಳಿತಲ್ಲಿಂದಲೇ. "ಬೂಟು ಹಾಕಿಕೊಂಡು ಸೀಟಿನ ಅಳತೆ ಕೊಡುವವರು ನನ್ನ ಅಂಗಡಿಗೆ ಬರಬೇಕು ಅಂತ ಇಲ್ಲ. ಅದನ್ನು ಯಾರು ಬೇಕಾದರೂ ಮಾಡಿ ಕೊಡ್ತಾರೆ."

ಯೂಸ್ಟೇಸ್ ಸ್ಟ್ಯಾಂಡ್ ಹಾಕಿದ ಹೊಸ ಸೈಕಲ್ಲಿನ ಮೇಲೆ ಕುಳಿತು ಎರಡೂ ಕೈಗಳಿಂದ ಹ್ಯಾಂಡಲ್ ಹಿಡಿದಿದ್ದ. ಇನ್ನು ಹತ್ತು ದಿನಗಳಲ್ಲಿ ಗ್ರೆಗರಿಯ ಅಳಿಯನಾಗಬೇಕಾದವನು ಅವನು. ವಾಮಂಜೂರಿನ ಪ್ರಾಥಮಿಕ ಶಾಲೆಯ ಮಾಸ್ತರ, ಮೂವತ್ತಮೂರು ವರ್ಷದ ಮಿತಭಾಷಿ.

"ಈಗಲೇ ಸರಿ ಉಂಟು ಮಾವ. ನಾನು ಯಾವಾಗಲೂ ಬೂಟು ಹಾಕಿಯೇ ಓಡಿಸುವುದಲ್ಲ?"

"ಸರಿ ಉಂಟಾ ಇಲ್ಲವಾ ಅಂತ ಹೇಳುವವ ನಾನು. ನಿಮ್ಮ ಶಾಲೆಗೆ ಬಂದು ನಾನು ಮಗ್ಗಿ ಹೇಳಿಕೊಡ್ತೇನಾ?"

ರಸ್ತೆಯಾಚೆ ತಾರಾನಾಥನ ಚಾ ಹೋಟೆಲಿನ ಬೆಂಚಿನಿಂದ ನಗು ಕೇಳಿಸಿತು. ಬೇಕರಿಯಿಂದ ಬ್ರೆಡ್ಡು ತುಂಬಿಸಿಕೊಂಡು ಊರೂರು ಸುತ್ತುವ ಜೊಕಿಮ್ ಚಾ ಲೋಟ ಹಿಡಿದು ಅಲ್ಲಿ ಕುಳಿತಿದ್ದ. "ಮಾಸ್ಟ್ರ ಸಾಕ್ಸು ತೂತಾಗಿರಬೇಕು ಗ್ರೆಗರಿ ಮಾಮ್! ಪಾಪ, ಮರ್ಯಾದೆ ತೆಗೀಬೇಡಿ!" ಎಂದು ಕೂಗಿದ.

ಜೆಪ್ಪು ಮಾರ್ಕೆಟಿನ ಕೆಳಗಿನ ಆ ತಿರುವಿನಲ್ಲಿ ಗ್ರೆಗರಿಯ ಸೈಕಲ್ ಅಂಗಡಿ ಬಂದು ಮೂವತ್ತು ವರ್ಷ ದಾಟಿತ್ತು. ಪಂಕ್ಚರು, ಬ್ರೇಕು, ಚೈನು ಎಲ್ಲ ಕಡೆಯೂ ಆಗುತ್ತಿತ್ತು. ಸೀಟಿನ ಎತ್ತರ ಇಡಿಸಲು ಮಾತ್ರ ಜನ ಅವನಲ್ಲಿಗೇ ಬರುತ್ತಿದ್ದರು, ಅಂಚೆಯವರು, ಪೊಲೀಸರು, ಆಸ್ಪತ್ರೆಯ ಕಾಂಪೌಂಡರು, ಶಕ್ತಿನಗರದಿಂದ ಹಾಲು ತರುವವರು. ಹತ್ತರಲ್ಲಿ ಒಂಬತ್ತು ಮಂದಿ ಸೀಟನ್ನು ತಗ್ಗಿಸಿ, ಕಾವಿಗೆ ಕುಳಿತ ಕೋಳಿಯ ಹಾಗೆ ಸೈಕಲ್ ಹೊಡೆಯುತ್ತಾರೆ. ನಲವತ್ತು ತುಂಬುವಾಗ ಮೊಣಕಾಲು ಮುಗಿಯುತ್ತದೆ. ಉಳಿದೊಬ್ಬ ಗತ್ತಿಗೆ ಬೇಕಾಗಿ ಎತ್ತರಿಸುತ್ತಾನೆ. ಪ್ರತಿ ತುಳಿತಕ್ಕೂ ಸೊಂಟ ಆಚೆ ಈಚೆ ಹೊರಳಿ, ಸಂಜೆ ಮನೆಗೆ ಬಂದವನಿಗೆ ಕುರ್ಚಿಯಲ್ಲಿ ಕುಳಿತುಕೊಳ್ಳಲು ಆಗುವುದಿಲ್ಲ. ಗ್ರೆಗರಿಯ ಕ್ರಮ ಒಂದೇ. ಬರಿಗಾಲಿನಲ್ಲಿ ನೆಟ್ಟಗೆ ಕೂರಬೇಕು. ಪೆಡಲನ್ನು ತೀರ ಕೆಳಕ್ಕೆ ತಂದು ಅದರ ಮೇಲೆ ಹಿಮ್ಮಡಿ ಇಡಬೇಕು. ಆಗ ಕಾಲು ನೇರವಾಗಬೇಕು, ಆದರೆ ಎಳೆಯಬಾರದು. ಮತ್ತೆ ಬೆರಳಿನ ಬುಡದಿಂದ ತುಳಿದರೆ ಮೊಣಕಾಲಿಗೆ ಬೇಕಾದಷ್ಟೇ ಬಾಗು ತಾನಾಗಿ ಸಿಗುತ್ತದೆ. ಬೂಟುಗಳಲ್ಲಿ ಹಿಮ್ಮಡಿ ಒಂದೊಂದಕ್ಕೂ ಒಂದೊಂದು ದಪ್ಪ, ಅದನ್ನು ನಂಬುವ ಹಾಗಿಲ್ಲ ಎಂದು ಅವನು ಹೇಳುತ್ತಿದ್ದ. ಅವನೆದುರು ಪಾದ್ರಿಗಳೂ ಬೂಟು ಬಿಚ್ಚಿದ್ದರು.

ಈ ಸೈಕಲ್ಲಂತೂ ಅವನು ಅಳಿಯನಿಗೆಂದೇ ಕೈಯಾರೆ ಕಟ್ಟಿದ್ದು. ಎರಡು ವಾರ ಬೆಳಿಗ್ಗೆ ಇಗರ್ಜಿಯ ಪೂಜೆ ಮುಗಿಸಿ ಬಂದವನೇ ಚಕ್ರಗಳ ಕಡ್ಡಿಗಳನ್ನು ಒಂದೊಂದಾಗಿ ಬಿಗಿದಿದ್ದ. ಮಗಳು ಬರ್ನಡೆಟ್‌ಗೆ ಮೂವತ್ತೊಂದು ತುಂಬಿತ್ತು. ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದಳು. ನಾಲ್ಕು ಸಂಬಂಧಗಳು ಬಂದು, ಕೇಕು ತಿಂದು, ತಿಳಿಸುತ್ತೇವೆಂದು ಹೋಗಿದ್ದವು. ಅದೇ ಚಿಂತೆಯಲ್ಲಿ ಅವನ ಹೆಂಡತಿ ತೆರೆಸಾ ಮೂರು ವರ್ಷದ ಹಿಂದೆ ತೀರಿಕೊಂಡಿದ್ದಳು. ಈಗ ಇಗರ್ಜಿಯಲ್ಲಿ ಎರಡು ಭಾನುವಾರ ಇಬ್ಬರ ಹೆಸರು ಓದಿ, ಈ ಮದುವೆಗೆ ಅಡ್ಡಿ ತಿಳಿದವರು ಹೇಳಬೇಕೆಂದು ಕೇಳಿ ಆಗಿತ್ತು. ಮೂರನೆಯ ಓದು ನಾಳೆ.

"ಸೈಕಲ್ ಹಾಗೇ ಕೊಡಿ ಪಪ್ಪಾ, ಸೀಟು ಅವರೇ ಸರಿ ಮಾಡಿಕೊಳ್ತಾರೆ," ಎಂದು ಬರ್ನಡೆಟ್ ಎರಡು ಸಲ ಹೇಳಿದ್ದಳು. ಅದು ಗ್ರೆಗರಿಯನ್ನು ಚುಚ್ಚಿತ್ತು. ಊರಿಗೆಲ್ಲ ಸೀಟು ಇಟ್ಟವನು ಸ್ವಂತ ಅಳಿಯನಿಗೆ ಇಡಬಾರದೆ? ಅವಳಿಗೆ ತಿಳಿಸದೆ ಒಂದು ಕಾರ್ಡು ಬರೆದು, ಅವಳು ಕಾನ್ವೆಂಟಿನಲ್ಲಿರುವ ಶನಿವಾರ ಮಧ್ಯಾಹ್ನವೇ ಯೂಸ್ಟೇಸನನ್ನು ಬರಮಾಡಿಕೊಂಡಿದ್ದ.

"ನಾನೇ ಬಿಚ್ಚುತ್ತೇನೆ ಬಿಡಿ," ಎಂದು ಗ್ರೆಗರಿ ಬಲಗಾಲಿನ ಲೇಸು ಎಳೆದ. ಬೂಟೂ ಸಾಕ್ಸೂ ಬಂದವು. ಸಾಕ್ಸಿನಲ್ಲಿ ತೂತು ಇರಲಿಲ್ಲ. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು, ಸೀಟಿನ ಬೋಲ್ಟು ಸಡಿಲಿಸಿ, ಅರ್ಧ ಬೆರಳು ಎತ್ತರಿಸಿ ಬಿಗಿದ. ಕಾಲು ಗೆರೆ ಎಳೆದ ಹಾಗೆ ನೇರವಾಯಿತು. ಅವನಿಗೆ ಸಂತೋಷವಾಯಿತು. ಪೆಡಲು ತಿರುಗಿಸಿ ಎಡಗಾಲಿಗೆ ಕೈ ಹಾಕಿದ.

ಯೂಸ್ಟೇಸನ ಕೈ ಅವನ ಭುಜದ ಮೇಲೆ ಬಂತು. "ಅದು ಬೇಡ ಮಾವ. ಒಂದು ಕಾಲು ನೋಡಿದರೆ ಸಾಕಲ್ಲ."

"ಎರಡು ಪೆಡಲು ಉಂಟಲ್ಲ ಮಾರಾಯ್ರೆ."

ಬೂಟು ಕೈಗೆ ಬಂದಾಗ ಭಾರವಾಗಿತ್ತು. ಗ್ರೆಗರಿ ಅದನ್ನು ಓರೆ ಮಾಡಿ ನೋಡಿದ. ಹೊರಗಿನಿಂದ ಮತ್ತೊಂದರ ಹಾಗೆಯೇ. ಅಟ್ಟೆ ಮಾತ್ರ ಸ್ವಲ್ಪ ದಪ್ಪ. ಒಳಗೆ ಚರ್ಮದ ಕೆಳಗೆ ಬೆಂಡಿನ ಪದರುಗಳನ್ನು ಒಂದರ ಮೇಲೊಂದು ಅಂಟಿಸಿ ಅಚ್ಚುಕಟ್ಟಾಗಿ ಕೊರೆದಿದ್ದರು. ತಲೆ ಎತ್ತಿ ನೋಡಿದ. ಬರಿಯ ಹಿಮ್ಮಡಿ ಪೆಡಲಿನಿಂದ ಎರಡು ಬೆರಳು ಮೇಲೆ ನೇತಾಡುತ್ತಿತ್ತು.

ಅವನ ಬೆನ್ನು ರಸ್ತೆಗಿತ್ತು. ಬೂಟು ಅವನ ಮಡಿಲಲ್ಲಿತ್ತು. ಹೋಟೆಲಿನ ಬೆಂಚಿನಿಂದ ಏನೂ ಕಾಣುವಂತಿರಲಿಲ್ಲ. ಬೂಟನ್ನು ಮತ್ತೆ ತೊಡಿಸಿ, "ಸರಿ ಉಂಟು ಮಾಸ್ಟ್ರೇ," ಎಂದು ಎದ್ದು ನಿಂತಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಒಂದು ಗಳಿಗೆ ಅವನಿಗೂ ಹಾಗೆಯೇ ಅನಿಸಿತು. ಒಳ್ಳೆಯ ಮನುಷ್ಯ, ಕುಡಿಯುವವನಲ್ಲ, ದೇವರ ಭಯ ಉಳ್ಳವನು, ಕಾಲಿನಿಂದ ಏನಾಗಬೇಕು?

ಆಗ ಯೂಸ್ಟೇಸ್ ಬಾಗಿ, ತುಟಿ ಮಾತ್ರ ಅಲುಗುವಂತೆ ಕೇಳಿದ: "ಬರ್ನಾ ನಿಮಗೆ ಹೇಳಿದ್ದಳಾ?"

ಗ್ರೆಗರಿಗೆ ಮೈ ಬಿಸಿಯಾಯಿತು. ಹಾಗಾದರೆ ಅವಳಿಗೆ ಗೊತ್ತಿತ್ತು. ಇವರಿಬ್ಬರಿಗೂ ಗೊತ್ತಿತ್ತು. ಎರಡು ವಾರ ಕಡ್ಡಿ ಬಿಗಿದವನು ಮಾತ್ರ ಪೆದ್ದ. ಅವನ ಮನೆಯಲ್ಲಿ ಅವನಿಗೆ ತಿಳಿಯದೆ ಒಂದು ಮೊಟ್ಟೆ ಒಡೆಯುವುದಿಲ್ಲ ಎಂದು ಜೆಪ್ಪುವಿನಲ್ಲಿ ಎಲ್ಲರೂ ಹೇಳುತ್ತಿದ್ದರು, ಅವನೇ ಹೇಳಿಸುತ್ತಿದ್ದ. ತನಗೆ ಗೊತ್ತಿರಲಿಲ್ಲ ಎಂದು ಹೇಳಲು ಅವನ ನಾಲಗೆ ಏಳಲಿಲ್ಲ.

"ಮತ್ತೆ? ನನ್ನ ಮಗಳು ನನ್ನಿಂದ ಎಂತ ಮುಚ್ಚಿಡುವುದು?" ಎಂದ.

ಭುಜದ ಮೇಲಿನ ಕೈ ಹಿಂದಕ್ಕೆ ಹೋಯಿತು. ಯೂಸ್ಟೇಸನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. ಅವನು ತನ್ನನ್ನು ನೋಡುತ್ತಿಲ್ಲ, ತನ್ನ ಹಿಂದೆ ಬೇರೆ ಯಾರನ್ನೋ ನೋಡುತ್ತಿದ್ದಾನೆ ಎಂದು ಗ್ರೆಗರಿಗೆ ಅನಿಸಿತು. ಆ ನೋಟವನ್ನು ತಾಳಲಾಗಲಿಲ್ಲ. ಮೊದಲೇ ಗೊತ್ತಿದ್ದೂ ಕರೆಸಿದವನು ಇದನ್ನು ಬಯಲು ಮಾಡಲಿಕ್ಕೇ ಕರೆಸಿರಬೇಕಲ್ಲ. ಆಡಿದ ಮಾತಿಗೆ ತಕ್ಕಂತೆ ಈಗ ನಡೆದುಕೊಳ್ಳಬೇಕಿತ್ತು. ಅವನು ಬೂಟನ್ನು ಹಿಡಿದುಕೊಂಡೇ ಎದ್ದ.

"ಜೊಕಿಮ್! ಬಾ ಇಲ್ಲಿ. ಇದನ್ನು ತೂಗಿ ನೋಡು. ನಿನ್ನ ಎರಡು ಬ್ರೆಡ್ಡಿನ ಭಾರ ಉಂಟು."

ಜೊಕಿಮ್ ಲೋಟ ಇಟ್ಟು ಬಂದ. ಅವನ ಹಿಂದೆ ಮಾರ್ಕೆಟಿನಿಂದ ಬರುತ್ತಿದ್ದ ಇಬ್ಬರು ಮೂವರು ನಿಂತರು. ಗ್ರೆಗರಿ ಉಕ್ಕಿನ ಟೇಪನ್ನು ಎಳೆದು, ಪೆಡಲಿನಿಂದ ಹಿಮ್ಮಡಿಯವರೆಗೆ ಹಿಡಿದು, ಬಟ್ಟೆ ಅಂಗಡಿಯವನ ಹಾಗೆ ಕೂಗಿ ಹೇಳಿದ: "ಬಲಗಾಲು ಸರಿ. ಎಡಗಾಲು ಒಂದೂವರೆ ಇಂಚು ಕಡಿಮೆ. ವಾಮಂಜೂರಿನವರು ಗಂಡು ಕೊಡುವಾಗಲೂ ಅಳತೆಯಲ್ಲಿ ಹೊಡೀತಾರೆ ನೋಡು! ಮುಚ್ಚಿಟ್ಟು ಹುಡುಗಿ ಕಟ್ಟಿಕೊಳ್ಳುವ ಅಂತ ಇದ್ದಿಯಾ ನೀನು?"

ಅಲ್ಲಿಯವರೆಗೆ ಅವನು ಯೂಸ್ಟೇಸನನ್ನು 'ನೀನು' ಎಂದಿರಲಿಲ್ಲ.

ಜೊಕಿಮ್ ಬೂಟಿನೊಳಗೆ ಕೈ ಹಾಕಿ ಹೊಟ್ಟೆ ಹಿಡಿದು ನಕ್ಕ. "ಒಂದೂವರೆ ಇಂಚು! ಅಬ್ಬಾ, ಇದರಲ್ಲಿ ನನ್ನ ಸಂಬಳ ಅಡಗಿಸಿಡಬಹುದು."

"ಎಂತ ಗ್ರೆಗರಿ ಪೊರ್ಬುಗಳೇ ಇದು," ಎಂದು ತಾರಾನಾಥ ಹೋಟೆಲಿನ ಮೆಟ್ಟಲಿಳಿದು ಬಂದ. "ಮನುಷ್ಯನ ಕಾಲು ಅದು. ಬೂಟು ಕೊಡಿ ಅವರಿಗೆ. ಏ ಜೊಕಿಮ್, ಕೊಡು ಮಾರಾಯ!"

ಯೂಸ್ಟೇಸ್ ಸೈಕಲ್ಲಿನಿಂದ ಇಳಿದ. ಒಂದು ಭುಜ ತಗ್ಗಿತು. ಅಂಗಡಿಯ ಮೆಟ್ಟಲ ಮೇಲೆ ಕುಳಿತು ಸಾಕ್ಸು ಹಾಕಿ, ಬೂಟು ತೊಟ್ಟು, ಲೇಸುಗಳಿಗೆ ಎರಡೆರಡು ಗಂಟು ಹಾಕಿದ. ಯಾರ ಕಡೆಗೂ ನೋಡದೆ, ಕೈಯ ಧೂಳು ಕೊಡವಿ, ಬಸ್ಸಿನ ಕಡೆ ನಡೆದ. ನೇರವಾಗಿಯೇ ನಡೆದ.

ಬರ್ನಡೆಟ್ ಐದೂವರೆಗೆ ಬಂದಳು. ಗ್ರೆಗರಿ ಒಳಗಿನ ಮೇಜಿನ ಮುಂದೆ ಕುಳಿತು ಅವಳನ್ನೇ ಕಾಯುತ್ತಿದ್ದ. ಅಂಗಡಿಯ ಹಿಂದಿನ ಎರಡು ಕೋಣೆಯೇ ಅವರ ಮನೆ.

"ನಿನ್ನನ್ನು ಉಳಿಸಿದೆ," ಎಂದು ಆರಂಭಿಸಿ ನಡೆದದ್ದನ್ನು ಹೇಳಿದ. ಯೂಸ್ಟೇಸ್ ಕೇಳಿದ್ದನ್ನೂ ತಾನು ಕೊಟ್ಟ ಉತ್ತರವನ್ನೂ ಮಾತ್ರ ಹೇಳಲಿಲ್ಲ.

ಅವಳು ನಿಂತಲ್ಲೇ ಕೊಡೆಯನ್ನು ಗೋಡೆಗೆ ಒರಗಿಸಿದಳು. ಅದು ಜಾರಿ ಬಿತ್ತು. ಎತ್ತಲಿಲ್ಲ.

"ನನಗೆ ಗೊತ್ತಿತ್ತು ಪಪ್ಪಾ. ಮೊದಲು ನೋಡಲು ಬಂದ ದಿವಸವೇ ಹೇಳಿದ್ದಾರೆ. ನೀವೆಲ್ಲ ಒಳಗೆ ಮಾತಾಡ್ತಾ ಇರುವಾಗ ಹಿಂದಿನ ಮೆಟ್ಟಲಲ್ಲಿ ಕೂತು ತಾವೇ ಬೂಟು ಬಿಚ್ಚಿ ತೋರಿಸಿದರು. ಹೇಳದಿದ್ದರೆ ಮೋಸ ಆಗ್ತದೆ, ಬೇಡ ಅಂತಾದರೆ ಈಗಲೇ ಹೇಳು, ನನಗೆ ಬೇಜಾರಿಲ್ಲ ಅಂದರು. ನಾನು ಒಪ್ಪಿದ್ದೇ ಅದಕ್ಕೆ."

"ನನಗೆ ಯಾಕೆ ಹೇಳಲಿಲ್ಲ?"

"ನೀವು ಅಳೀತೀರಿ ಅಂತ."

ಗ್ರೆಗರಿ ಮೇಜಿನ ಮೇಲಿದ್ದ ಉಪ್ಪಿನ ಮರಿಗೆಯನ್ನು ಸರಿಸಿಟ್ಟ.

"ಹೋಗುವಾಗ ಅವರು ಏನಾದರೂ ಕೇಳಿದರಾ?" ಎಂದಳು.

"ಎಂತ ಕೇಳುವುದು? ಇಲ್ಲ."

ಮರುದಿನ ಪಾದ್ರಿಗಳು ಮದುವೆಯ ಹೆಸರುಗಳನ್ನು ಓದಿದಾಗ ಮೂರು ಜೋಡಿಗಳಿದ್ದವು, ಅವರದು ಇರಲಿಲ್ಲ. ಯೂಸ್ಟೇಸನ ತಾಯಿ ಮಟಿಲ್ಡಾ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದು ಬೇಡವೆಂದು ಹೇಳಿ ಹೋಗಿದ್ದಳಂತೆ. ಹೆಂಗಸರ ಸಾಲಿನಲ್ಲಿ ತಲೆಗಳು ಒಂದೊಂದಾಗಿ ಬರ್ನಡೆಟ್ ಕಡೆಗೆ ತಿರುಗಿದವು. ಅವಳು ಪ್ರಾರ್ಥನೆಯ ಪುಸ್ತಕದಲ್ಲಿ ಬೆರಳಿಟ್ಟು ಎದುರಿಗೆ ನೋಡುತ್ತ ಕುಳಿತಿದ್ದಳು.

ಜೊಕಿಮ್‌ನ ಬ್ರೆಡ್ಡಿನ ಸೈಕಲ್ಲು ಸೋಮವಾರ ವಾಮಂಜೂರಿಗೆ ಹೋಗುವ ದಿನ. ಬ್ರೆಡ್ಡಿನ ಜೊತೆಗೆ ಮಾತೂ ಹೋಯಿತು. ಮಂಗಳವಾರ ಶಾಲೆಯ ಕರಿಹಲಗೆಯ ಮೇಲೆ ಯಾರೋ ಎರಡು ಗೀಟು ಎಳೆದಿದ್ದರು, ಒಂದು ಉದ್ದ, ಒಂದು ಗಿಡ್ಡ. ಮಾಸ್ತರರು ಅದನ್ನು ಒರೆಸಿ ಪಾಠ ಮಾಡಿದರಂತೆ. ಬುಧವಾರದಿಂದ ಆ ಬೂಟುಗಳನ್ನು ಬಿಟ್ಟು ರಬ್ಬರಿನ ಚಪ್ಪಲಿ ಹಾಕಿ ಬರತೊಡಗಿದರು. ಈಗ ಮುಚ್ಚಲು ಏನು ಉಂಟು ಎಂದರಂತೆ. ಕುಂಟುವುದು ಚೆನ್ನಾಗಿ ಕಾಣುತ್ತಿತ್ತಂತೆ. ಇದನ್ನೆಲ್ಲ ಜೊಕಿಮ್ ಬಂದು ಹೇಳಿದ; ಹೇಳುವಾಗ ಅವನಿಗೂ ಮೊದಲಿನ ನಗು ಬರಲಿಲ್ಲ.

ಬರ್ನಡೆಟ್ ಬರೆದ ಕಾಗದಕ್ಕೆ ಗುರುವಾರ ಉತ್ತರ ಬಂತು. ಅದರಲ್ಲಿ ಎರಡೇ ಸಾಲು: 'ನಿನ್ನೊಬ್ಬಳಿಗೆ ಹೇಳಿದ್ದೆ. ದೇವರು ನಿನಗೆ ಒಳ್ಳೆಯದು ಮಾಡಲಿ.' ಶುಕ್ರವಾರ ಅವಳು ರಜೆ ಹಾಕಿ ಶಾಲೆಯ ಗೇಟಿನ ತನಕ ಹೋದಳು. ಯೂಸ್ಟೇಸ್ ಅವಳನ್ನು ಕಂಡು, ಪುಸ್ತಕಗಳನ್ನು ಎದೆಗೆ ಒತ್ತಿಕೊಂಡು, ತರಗತಿಯೊಳಗೆ ಹೋದ. ಅಂಗಳ ದಾಟಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅವಳು ನೋಡಿದಳು.

ಆ ಸಂಜೆ ಊಟಕ್ಕೆ ಮೊದಲು ಅವಳು ತಂದೆಯ ಎದುರು ಬಂದು ಕುಳಿತಳು. ಅತ್ತಿರಲಿಲ್ಲ.

"ಕಾಲನ್ನು ತೋರಿಸಿದ್ದಕ್ಕೆ ಅವರಿಗೆ ಇಷ್ಟು ಬೇಜಾರಿಲ್ಲ ಪಪ್ಪಾ. ನಾನು ನಿಮಗೆ ಹೇಳಿಕೊಟ್ಟು ಕರೆಸಿದೆ ಅಂತ ತಿಳಿದಿದ್ದಾರೆ. ಇಬ್ಬರೂ ಸೇರಿ ಮಾಡಿದ್ದು ಅಂತ. ನೀವು ಒಮ್ಮೆ ಹೋಗಿ ಬನ್ನಿ. ಒಂದೇ ಮಾತು ಹೇಳಿ. 'ನನ್ನ ಮಗಳು ನನಗೆ ಹೇಳಿರಲಿಲ್ಲ, ಬೂಟು ಬಿಚ್ಚಿದಾಗಲೇ ನನಗೆ ಗೊತ್ತಾದದ್ದು.' ಅಷ್ಟೇ. ಮದುವೆ ಮಾತು ತೆಗೀಬೇಡಿ. ಕ್ಷಮೆಯನ್ನೂ ಕೇಳಬೇಕಂತ ಇಲ್ಲ."

"ಕಾಗದದಲ್ಲಿ ನೀನೇ ಬರೆದಿಯಲ್ಲ."

"ನಾನು ಬರೆದರೆ ನಂಬ್ತಾರಾ? ನಿಮ್ಮ ಬಾಯಿಂದ ಬರಬೇಕು. ನೀವು ಸುಳ್ಳು ಹೇಳುವವರಲ್ಲ ಅಂತ ಅವರಿಗೆ ಗೊತ್ತುಂಟು." ಅವಳು ಸ್ವಲ್ಪ ಮುಂದಕ್ಕೆ ಬಾಗಿದಳು. "ಹೇಳ್ತೀರಲ್ಲ?"

"ಹೇಳ್ತೇನೆ."

"ಹೇಗೆ ಹೇಳ್ತೀರಿ? ಒಮ್ಮೆ ಹೇಳಿ ನೋಡುವಾ."

ಕನ್ಫರ್ಮೇಶನ್‌ಗೆ ಮಕ್ಕಳನ್ನು ಸಿದ್ಧ ಮಾಡುವವರು ಜಪ ಹೇಳಿಸುವ ಹಾಗೆ ಅವಳು ಎರಡು ಸಲ ಹೇಳಿಸಿದಳು. ಅವನು ಹೇಳಿದ.

ಶನಿವಾರ ಮಧ್ಯಾಹ್ನ ಗ್ರೆಗರಿ ಆ ಸೈಕಲ್ಲನ್ನೇ ಹೊರಗೆ ತಂದ. ಬರಿಗೈಯಲ್ಲಿ ಹೋಗಲು ಅವನಿಗೆ ಕಾಲು ಬರಲಿಲ್ಲ. ಸೀಟು ಅವನಿಗಿಂತ ಎತ್ತರದವನ ಅಳತೆಯಲ್ಲಿತ್ತು. ತಗ್ಗಿಸಲು ಮನಸ್ಸಾಗಲಿಲ್ಲ, ಸಮತಟ್ಟಿನಲ್ಲಿ ಸೊಂಟ ಹೊರಳಿಸುತ್ತ ತುಳಿದ, ನಂತೂರಿನ ಏರನ್ನೂ ಕುಲಶೇಖರದ ಏರನ್ನೂ ತಳ್ಳಿಕೊಂಡು ಹತ್ತಿದ. ಚೀಲದಲ್ಲಿ ಸ್ಪ್ಯಾನರುಗಳ ಜೊತೆ ಹಲಸಿನ ಮರದ ಒಂದು ತುಂಡಿತ್ತು. ಬೆಳಗ್ಗೆಯೆಲ್ಲ ಕುಳಿತು ಅದನ್ನು ಪಾದದ ಆಕಾರಕ್ಕೆ ಕೆತ್ತಿ, ಮೇಲೆ ಹಳೆಯ ಟಯರಿನ ರಬ್ಬರು ಹೊಡೆದಿದ್ದ. ದಾರಿಯುದ್ದಕ್ಕೂ ಮಗಳು ಕಲಿಸಿದ ಮಾತನ್ನು ಹೇಳಿಕೊಂಡ. ಕುಡುಪು ದಾಟುವಾಗ ಅದು ನಾಲಗೆಗೆ ಸಲೀಸಾಗಿತ್ತು.

ವಾಮಂಜೂರಿನಲ್ಲಿ ಮುಖ್ಯ ರಸ್ತೆಯಿಂದ ಇಳಿದು ಗದ್ದೆಯ ಅಂಚಿನಲ್ಲಿ ಅವರ ಮನೆ. ಮಟಿಲ್ಡಾ ಅಂಗಳದಲ್ಲಿ ಬೇಯಿಸಿದ ಭತ್ತವನ್ನು ಚಾಪೆಯ ಮೇಲೆ ಕಾಲಿನಿಂದ ಕೆದರುತ್ತಿದ್ದಳು. ಅವನನ್ನು ಕಂಡು ಸೆರಗಿನಿಂದ ಮುಖ ಒರೆಸಿದಳು.

"ಇನ್ನೆಂತ ಅಳೀಲಿಕ್ಕೆ ಉಂಟು ನಿಮಗೆ? ನನ್ನ ಮಗನ ತಲೆ ಉಂಟು, ಕೈ ಉಂಟು. ಟೇಪು ತಂದಿದ್ದೀರಾ?"

"ಮಾಸ್ಟ್ರು ಇದ್ದಾರಾ?"

"ಇದ್ದಾನೆ. ಎಲ್ಲಿಗೆ ಹೋಗುವುದು ಅವನು? ಪೇಟೆಗೆ ಹೋದರೆ ಬಸ್ಸಿನವರೂ ಕಾಲು ನೋಡ್ತಾರೆ. ಏಳು ವರ್ಷದವನಿರುವಾಗ ಜ್ವರ ಬಂದು ಕಾಲು ಬೆಳೆಯದೆ ಹೋದದ್ದು. ಆ ಬೂಟು ಮಾಡಿಸಲಿಕ್ಕೆ ನಾನು ಕಿವಿಯ ಓಲೆ ಮಾರಿದ್ದೇನೆ. ಅದನ್ನು ನೀವು ಬೀದಿಯಲ್ಲಿ ಎತ್ತಿ ಹಿಡಿದಿರಿ. ಬ್ರೆಡ್ಡು ಮಾರುವವನ ಕೈಯಲ್ಲಿ ಕೊಟ್ಟಿರಿ."

ಯೂಸ್ಟೇಸ್ ಹೊರಗೆ ಬಂದ. ಚಪ್ಪಲಿಯಲ್ಲಿ ಅವನ ನಡೆ, ಎರಡು ಹೆಜ್ಜೆಗೊಮ್ಮೆ ಗುಂಡಿಗೆ ಕಾಲಿಟ್ಟವನ ಹಾಗಿತ್ತು. "ಅಮ್ಮಾ, ಒಳಗೆ ಹೋಗಿ," ಎಂದ. ಅವಳು ಹೋಗಲಿಲ್ಲ.

"ಸೈಕಲ್ ತಂದಿದ್ದೇನೆ," ಎಂದ ಗ್ರೆಗರಿ.

"ನನಗೆ ಬೇಡ."

"ನಿಮ್ಮ ಅಳತೆಗೆ ಕಟ್ಟಿದ್ದು. ಇನ್ನೊಬ್ಬರಿಗೆ ಆಗುವುದಿಲ್ಲ. ಒಮ್ಮೆ ಕೂತು ನೋಡಿ. ಮತ್ತೆ ಬೇಡ ಅಂತಾದರೆ ತೆಗೆದುಕೊಂಡು ಹೋಗ್ತೇನೆ."

ಉತ್ತರಕ್ಕೆ ಕಾಯದೆ ಅಂಗಳದಲ್ಲಿ ಸ್ಟ್ಯಾಂಡ್ ಹಾಕಿ, ಮರದ ತುಂಡನ್ನು ಎಡಗಡೆಯ ಪೆಡಲಿಗೆ ಕೂರಿಸಿ ನಾಲ್ಕು ಬೋಲ್ಟು ಬಿಗಿಯತೊಡಗಿದ. ಕೈಗೆ ಕೆಲಸ ಸಿಕ್ಕಿದಾಗ ಅವನಿಗೆ ಉಸಿರು ಹಗುರವಾಯಿತು. ಯೂಸ್ಟೇಸ್ ಬಹಳ ಹೊತ್ತು ನೋಡಿದ. ಕೊನೆಗೆ ಚಪ್ಪಲಿ ಕಳಚಿ, ಯಾರೂ ಹೇಳದೆಯೇ, ಬಂದು ಹತ್ತಿದ. ಗ್ರೆಗರಿ ಮತ್ತೆ ಮೊಣಕಾಲೂರಿದ. ಬಲ ಹಿಮ್ಮಡಿ ಸರಿಯಾಗಿ ಕುಳಿತಿತು. ಎಡ ಹಿಮ್ಮಡಿ ರಬ್ಬರನ್ನು ಮುಟ್ಟಿತು, ಒಂದು ಕೂದಲೆಳೆಯಷ್ಟು ಎಳೆಯುತ್ತಿತ್ತು. ಸೀಟನ್ನು ಅಷ್ಟೇ ತಗ್ಗಿಸಿ, ಅದರ ಮೂತಿ ಮೇಲೆ ಕೆಳಗಾಗದಂತೆ ನೋಡಿ ಬಿಗಿದ.

"ಒಂದು ಸುತ್ತು ಹೊಡೀರಿ."

ಯೂಸ್ಟೇಸ್ ಗದ್ದೆಯ ಬದಿಯ ದಾರಿಯಲ್ಲಿ ಹೋದ. ಹಸುರು ಪೈರಿನ ಆಚೆ ಅವನ ಅರ್ಧ ಮೈ ಮಾತ್ರ ಕಾಣುತ್ತಿತ್ತು. ಸೊಂಟ ಹೊರಳಲಿಲ್ಲ, ಭುಜ ತಗ್ಗಲಿಲ್ಲ. ಬರಿಗಾಲಿನಲ್ಲಿ, ನೆಟ್ಟಗೆ, ಉಳಿದ ಗಂಡಸರ ಹಾಗೆ ಸೈಕಲ್ ತುಳಿಯುತ್ತ ಅವನು ರಸ್ತೆಯ ತನಕ ಹೋಗಿ ತಿರುಗಿ ಬಂದ. ಮಟಿಲ್ಡಾ ಕಾಲ ಕೆಳಗಿನ ಭತ್ತವನ್ನು ಮರೆತು ನಿಂತಿದ್ದಳು.

ಅಂಗಳಕ್ಕೆ ಬಂದವನು ಇಳಿಯಲಿಲ್ಲ. ಒಂದು ಕಾಲು ನೆಲಕ್ಕೆ ಊರಿ, ಹ್ಯಾಂಡಲಿನ ಮೇಲೆ ಬಾಗಿ ನಿಂತ. ಅವನ ಮುಖ ಸಡಿಲವಾಗಿತ್ತು.

"ಚೆನ್ನಾಗಿ ಉಂಟು ಮಾವ," ಎಂದ. ಮಾವ ಎಂದದ್ದು ಅವನಿಗೇ ಕೇಳಿಸಿರಲಿಕ್ಕಿಲ್ಲ. ಆಮೇಲೆ ಕೇಳಿದ: "ಒಂದು ವಿಷಯ ಕೇಳ್ತೇನೆ, ನಿಜ ಹೇಳಬೇಕು. ನೀವು ಕೋಪದವರು, ಕೋಪದಲ್ಲಿ ಮಾಡಿದಿರಿ. ಅದು ನಾನು ಮರೆತೇನು. ಬರ್ನಾ ಯಾಕೆ ಹೇಳಿದಳು? ಅದೊಂದು ನನಗೆ ಗೊತ್ತಾಗಬೇಕು."

ಗ್ರೆಗರಿಯ ಕೈಯಲ್ಲಿ ಸ್ಪ್ಯಾನರಿತ್ತು. ದಾರಿಯುದ್ದಕ್ಕೂ ಹೇಳಿಕೊಂಡ ಮಾತು ಬಾಯಿಗೆ ಬಂದು ನಿಂತಿತು. ಅವಳು ಹೇಳಿರಲಿಲ್ಲ. ಹಾಗೆಂದರೆ, ಮತ್ತೆ ನೀವೇ ಹೇಳಿದಿರಲ್ಲ ಎಂದು ಕೇಳುತ್ತಾನೆ. ಆ ದಿನ ನಿಮ್ಮ ಕಾಲು ಹಿಡಿದುಕೊಂಡು, ಮುಖ ನೋಡಿ ಸುಳ್ಳು ಹೇಳಿದೆ ಎನ್ನಬೇಕು. ಈ ಹೆಂಗಸಿನ ಎದುರು ಎನ್ನಬೇಕು. ಅದು ಇಂದೇ ಜೆಪ್ಪುವಿಗೂ ಹೋಗುತ್ತದೆ, ಮಗಳ ಕಿವಿಗೂ ಹೋಗುತ್ತದೆ. ಅವಳು ಈ ಮನೆಗೆ ಬರುತ್ತಾಳೆ, ಇದೇ ಅಂಗಳದಲ್ಲಿ ಭತ್ತ ಹರವುತ್ತಾಳೆ, ಇವರೆಲ್ಲ ಒಟ್ಟಿಗೆ ಕುಳಿತು ಅದನ್ನು ಮಾತಾಡುತ್ತಾರೆ. ಅವನು ಅಲ್ಲಿ ಅಂಗಡಿಯ ಹಿಂದಿನ ಕೋಣೆಯಲ್ಲಿ ತಾನೇ ಅನ್ನ ಬೇಯಿಸಿಕೊಂಡು ಇರುತ್ತಾನೆ.

"ಹೆಣ್ಣು ಮಕ್ಕಳಲ್ಲವಾ," ಎಂದ. "ಮದುವೆ ಹತ್ತಿರ ಬಂದಾಗ ಹೆದರಿಕೆ ಆಗಿರಬೇಕು."

ಯೂಸ್ಟೇಸ್ ತಲೆಯಾಡಿಸಿದ. ಪಾಠ ಬಾರದ ಹುಡುಗನ ಉತ್ತರ ಕೇಳಿ ಕುಳಿತುಕೋ ಎನ್ನುವ ಮಾಸ್ತರನ ಹಾಗೆ, ನಿಧಾನವಾಗಿ, ಎರಡು ಸಲ.

"ಇರಬಹುದು," ಎಂದ. "ಹೆದರಿದ್ದರೆ ನನಗೆ ಹೇಳಬಹುದಿತ್ತು."

ಅವನ ಬೆರಳಿನಿಂದ ನಿಶ್ಚಿತಾರ್ಥದ ಉಂಗುರ ತೆಗೆಯಲು ಹೊತ್ತು ಹಿಡಿಯಿತು. ಸಾಬೂನು ತರಲಾ ಎಂದು ಮಟಿಲ್ಡಾ ಕೇಳಿದಳು. ಬೇಡವೆಂದು ಉಗುಳು ಹಚ್ಚಿ ತಿರುಗಿಸಿ ತೆಗೆದು, ಗ್ರೆಗರಿಯ ಅಂಗಿಯ ಕಿಸೆಗೆ ತಾನೇ ಹಾಕಿದ. "ಸೈಕಲ್ ಇರಲಿ," ಎಂದ. "ನೀವು ಕಷ್ಟಪಟ್ಟು ಮಾಡಿದ್ದೀರಿ. ನಿಮ್ಮ ಕೆಲಸಕ್ಕೆ ನಾನು ಅವಮಾನ ಮಾಡುವುದಿಲ್ಲ."

ರಸ್ತೆಗೆ ಬಂದಾಗ ಮಂಗಳೂರಿನ ಬಸ್ಸು ನಿಂತಿತ್ತು. ಕಂಡಕ್ಟರು, "ಬನ್ನಿ, ಬನ್ನಿ, ಸೀಟು ಉಂಟು," ಎಂದು ಕರೆದ. ಗ್ರೆಗರಿ ಕೈ ಬೀಸಿ ಹೋಗೆಂದ. ನಡೆದ. ಕುಲಶೇಖರದ ಇಳಿಜಾರಿನಲ್ಲಿ ಚಪ್ಪಲಿಯ ಬಾರು ಕಿತ್ತುಹೋಯಿತು. ಅದನ್ನು ಕೈಯಲ್ಲಿ ಹಿಡಿದುಕೊಂಡ. ಕಂಕನಾಡಿಗೆ ಬರುವಾಗ ಅಂಗಾಲಿನಲ್ಲಿ ಬೊಬ್ಬೆಗಳು ಒಡೆದಿದ್ದವು.

ಬರ್ನಡೆಟ್ ಅಂಗಡಿಯ ಬಾಗಿಲಲ್ಲೇ ಇದ್ದಳು. ಸೈಕಲ್ಲಿಲ್ಲದೆ ಬಂದ ತಂದೆಯನ್ನು ಕಂಡು ಅವಳ ಮುಖ ಅರಳಿತು. "ಇಟ್ಟುಕೊಂಡರಾ?" ಎಂದಳು.

ಅವನು ಒಳಗೆ ಹೋಗಿ ಸ್ಟೂಲಿನ ಮೇಲೆ ಕುಳಿತು, ಕಿಸೆಯಿಂದ ಉಂಗುರ ತೆಗೆದು ಮೇಜಿನ ಮೇಲಿಟ್ಟ.

ಅವಳು ಅದನ್ನು ಮುಟ್ಟಲಿಲ್ಲ. "ನೀವು ಹೇಳಿದಿರಾ?"

"ಹೇಳಿದೆ."

"ಹೇಗೆ ಹೇಳಿದಿರಿ?"

"ನನ್ನ ಮಗಳು ನನಗೆ ಹೇಳಿರಲಿಲ್ಲ, ಬೂಟು ಬಿಚ್ಚಿದಾಗಲೇ ನನಗೆ ಗೊತ್ತಾದದ್ದು ಅಂತ." ಆ ಮಾತು ಈಗ ಒಂದು ಅಕ್ಷರವೂ ತಪ್ಪದೆ ಬಂತು.

"ಅದಕ್ಕೆ?"

"ನಂಬಲಿಲ್ಲ."

ಬರ್ನಡೆಟ್ ಮೇಜಿನ ಅಂಚನ್ನು ಹಿಡಿದುಕೊಂಡಳು. ಆಮೇಲೆ ಅವಳ ಕಣ್ಣು ಕೆಳಗೆ ಹೋಯಿತು. "ಅಯ್ಯೋ ಪಪ್ಪಾ, ನಿಮ್ಮ ಕಾಲು ಎಂತ ಆಗಿದೆ! ಅಲ್ಲಿಂದ ನಡೆದುಕೊಂಡೇ ಬಂದಿರಾ?" ಎಂದು ಒಲೆಯ ಮೇಲಿದ್ದ ನೀರನ್ನು ಅಗಲವಾದ ಬೋಗುಣಿಗೆ ಸುರಿದು, ಉಪ್ಪು ಹಾಕಿ, ಕೈಯಾಡಿಸಿ ಬಿಸಿ ನೋಡಿ ತಂದಿಟ್ಟಳು. ನೆಲದ ಮೇಲೆ ಕುಳಿತು ಅವನ ಪಾದಗಳನ್ನು ಒಂದೊಂದಾಗಿ ನೀರಿನೊಳಗೆ ಇಟ್ಟಳು. ಕೆಂಪು ಮಣ್ಣು ಬಿಟ್ಟುಕೊಂಡು ನೀರು ಕದಡಿತು. ಒಡೆದ ಬೊಬ್ಬೆಗಳ ಸುತ್ತ ನೋಯದ ಹಾಗೆ ಬೆರಳಿನಿಂದ ಉಜ್ಜುತ್ತ, "ನನಗೆ ಬೇಕಾಗಿ ಈ ಪ್ರಾಯದಲ್ಲಿ ಇಷ್ಟು ದೂರ," ಎಂದಳು.

ಇಗರ್ಜಿಯ ಸಂಜೆಯ ಗಂಟೆ ಹೊಡೆಯಿತು. ಮೂರು, ಮತ್ತೆ ಮೂರು. ಅವಳು ಒದ್ದೆ ಕೈಯಿಂದಲೇ ಹಣೆಗೆ, ಎದೆಗೆ, ಭುಜಗಳಿಗೆ ಶಿಲುಬೆಯ ಗುರುತು ಮಾಡಿಕೊಂಡು ಪ್ರಾರ್ಥನೆಯ ಮೊದಲ ಸಾಲು ಹೇಳಿದಳು. ಎರಡನೆಯ ಸಾಲು ತಂದೆ ಹೇಳಬೇಕಾದದ್ದು. ಅವಳು ತಲೆ ತಗ್ಗಿಸಿ, ಅವನ ಎಡ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡು, ಕಾದಳು.